ಹೇಳದೆ ಬಸ್ ಹತ್ತಿದ ಅಪ್ಪನಿಂದ

ನನ್ನವ್ವಾ,

ಧಾರವಾಡಕ್ಕೆ ಬಂದು ನಾಲ್ಕು ದಿನವಾಯಿತು. ನಿಮ್ಮವ್ವ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಊಟಕ್ಕೆ ಬಡಿಸುತ್ತಾಳೆ, ಒಳಗೆ ಹೋಗುತ್ತಾಳೆ. "ಮಗಳು ಮಲಗಿದ್ದಾಗ ಒಂದು ಮಾತೂ ಹೇಳದೆ ಎದ್ದು ಬಂದಿರಲ್ಲ, ಅದು ಎದ್ದು ಏನಂದುಕೊಂಡಿರಬೇಕು?" ಅಂತ ಒಮ್ಮೆ ಕೇಳಿದಳು, ಅಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಜೂನ್ 1ರಿಂದ ನೀನು ಅಣಶಿಯ ಕಾಡಿನಲ್ಲಿ ಗಸ್ತಿನ ಕೆಲಸಕ್ಕಿರುತ್ತೀಯ. ಕ್ಯಾಂಪಿನಲ್ಲಿ ಫೋನ್ ಹತ್ತುವುದಿಲ್ಲ ಅಂತ ನೀನೇ ಹೇಳಿದ್ದೆ. ಹತ್ತಿದ್ದರೂ ಈ ಮಾತು ನನ್ನಿಂದ ಫೋನಿನಲ್ಲಿ ಆಗುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾರವಾರದ ಬೀಚಿನಲ್ಲಿ ಅಣಶಿಯ ವಿಷಯಕ್ಕೆ ನಾನೇನಂದೆ, ನೀನೇನಂದೆ, ಅದನ್ನು ಮತ್ತೆ ಬರೆಯುವುದಿಲ್ಲ. ಯುದ್ಧನೌಕೆ ನೋಡಲು ಬಂದ ಮಂದಿ ತಿರುಗಿ ನೋಡುವಷ್ಟು ದನಿ ಏರಿಸಿದ್ದು ನಾನು. ಅದು ತಪ್ಪು.

ಅದಕ್ಕೂ ಮುಂಚಿನ ಮೂರು ದಿನ ಎಷ್ಟು ಚಂದ ಇದ್ದವು! ಒಂಬತ್ತು ವರ್ಷ ಕಾರವಾರಕ್ಕೆ ಬಸ್ ಹೊಡೆದಿದ್ದೇನೆ. ನಾನು ಕಂಡ ಕಾರವಾರ ಅಂದರೆ ಬಸ್ ಸ್ಟ್ಯಾಂಡು, ಕ್ಯಾಂಟೀನು, ನೈಟ್ ಹಾಲ್ಟಿನ ಮಂಚ. ಬೆಳಿಗ್ಗೆ ಐದೂವರೆಗೆ ಗಾಡಿ ತೆಗೆದರೆ ಮುಗಿಯಿತು. ಸಮುದ್ರ ಅಷ್ಟು ಹತ್ತಿರ ಇದ್ದರೂ ಅದರ ಮುಂದೆ ಒಂದು ಗಂಟೆ ಸುಮ್ನೆ ಕೂತವನಲ್ಲ. ನೀನು ಕೂರಿಸಿದೆ. ಇಪ್ಪತ್ತರ ಹರೆಯದಲ್ಲಿ ರವೀಂದ್ರನಾಥ ಟಾಗೋರರು ಇದೇ ದಂಡೆಯಲ್ಲಿ ಓಡಾಡಿದ್ದರು, ಅವರ ಅಣ್ಣ ಇಲ್ಲಿ ಜಡ್ಜ್ ಆಗಿದ್ದರು ಅಂತ ಹೇಳಿದೆ. ಬೀಚಿಗೆ ಅವರ ಹೆಸರು ಯಾಕೆ ಅಂತ ಇಷ್ಟು ವರ್ಷ ನಾನು ಯಾರನ್ನೂ ಕೇಳಿರಲಿಲ್ಲ.

ಮಾರ್ಕೆಟಿನಲ್ಲಿ ಕರಿ ಇಶಾಡು ಮಾವಿನಹಣ್ಣು ಮಾರುವ ಅಂಕೋಲೆಯ ಅಜ್ಜಿಯ ಜೊತೆ ನೀನು ಕೊಂಕಣಿಯಲ್ಲಿ ಚೌಕಾಸಿ ಮಾಡಿದೆಯಲ್ಲ, ಆಗ ನಾನು ಒಂದು ಹೆಜ್ಜೆ ಹಿಂದೆ ನಿಂತುಬಿಟ್ಟೆ. ಈಕೆ ನಮ್ಮ ಮನೆಯ ಹುಡುಗಿ ಹೌದೋ ಅಲ್ಲವೋ ಅನ್ನಿಸಿತು. ಎದೆ ತುಂಬಿ ಬಂತು, ಬಾಯಿಬಿಟ್ಟು ಹೇಳಲಿಲ್ಲ. ಆ ಹಣ್ಣಿನ ಸಿಪ್ಪೆ ಎಷ್ಟು ತೆಳು ನೋಡು, ದಾಂಡೇಲಿ ಬರುವಷ್ಟರಲ್ಲಿ ಚೀಲದ ತಳ ಒದ್ದೆಯಾಗಿ ಬಸ್ಸೆಲ್ಲ ವಾಸನೆ. ಉಳಿದ ಎಂಟರಲ್ಲಿ ನಿಮ್ಮವ್ವ ಒಂದನ್ನೂ ನನಗೆ ಕೊಟ್ಟಿಲ್ಲ.

ನನಗೆ ತಲೆ ಕೆಟ್ಟದ್ದು ಸದಾಶಿವಗಡದ ಗುಡ್ಡದ ಮೇಲೆ. ನೀನು ಗಮನಿಸಿರಲಿಕ್ಕಿಲ್ಲ. ಒಂದು ಕಡೆ ಕಾಳಿ ನದಿ ಹೋಗಿ ಸಮುದ್ರ ಸೇರುವುದು, ಇನ್ನೊಂದು ಕಡೆ ಘಟ್ಟದ ಸಾಲು. ನೀನು ಬೆರಳು ತೋರಿಸಿ, "ಅಪ್ಪಾ, ಆ ನೀಲಿ ಸಾಲಿನ ಹಿಂದೆ ಅಣಶಿ" ಅಂದೆ. ನಾನು ಕೆಳಗೆ ಸೇತುವೆ ನೋಡುತ್ತಿದ್ದೆ. ಹಳೆಯ ಸೇತುವೆ ಮೇಲೆ ಎಷ್ಟೋ ಸಲ ಹೋಗಿ ಬಂದವನು ನಾನು. 2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿದು ಲಾರಿ ನದಿಗೆ ಬಿತ್ತು. ಪುಣ್ಯಕ್ಕೆ ಡ್ರೈವರ್ ಬದುಕಿದ. ಅದಕ್ಕೂ ಮೂರು ವಾರ ಮುಂಚೆ, ಜುಲೈ 16ಕ್ಕೆ, ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿ ಮೇಲೆ ಬಂದಿತ್ತು. ಅಲ್ಲಿದ್ದ ಲಾರಿ ಡ್ರೈವರ್ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಆ ಎರಡೂ ತಿಂಗಳು ನಾನು ಪೇಪರಿನಲ್ಲಿ ಬೇರೆ ಏನೂ ಓದಲಿಲ್ಲ. ಆ ಜಿಲ್ಲೆಯ ಮಣ್ಣು, ನೀರು ಯಾರನ್ನೂ ಕೇಳಿ ಬರುವುದಿಲ್ಲ ಮಗಳೇ.

ಆದರೆ ನನ್ನ ಹೆದರಿಕೆ ಶುರುವಾದದ್ದು ಅಲ್ಲಿಂದ ಅಲ್ಲ. ನಿನಗೆ ಏಳು ವರ್ಷವಿದ್ದಾಗ ಸಮುದ್ರ ತೋರಿಸು ಅಂತ ಹಟ ಹಿಡಿದು ನನ್ನ ಬಸ್ಸಿನಲ್ಲಿ ಬಂದೆಯಲ್ಲ, ಆ ಜುಲೈ ತಿಂಗಳ ರಾತ್ರಿಯಿಂದ. ಬೆಳಿಗ್ಗೆ ಮಂಗಟ್ಟೆ ಹಕ್ಕಿ ರೈಲಿನ ಹಾಗೆ ಸದ್ದು ಮಾಡುತ್ತ ಹಾರಿದ್ದನ್ನು ನೀನು ನೂರು ಸಲ ಹೇಳಿದ್ದೀಯ, ಅದು ಬೇಡ. ನಾನು ಹೇಳುವುದು ಹಿಂದಿನ ರಾತ್ರಿಯದು.

ಅಣಶಿ ದಾಟಿ ಘಟ್ಟ ಇಳಿಯುತ್ತಿದ್ದೆ. ನೀನು ಎಂಜಿನ್ ಬಾನೆಟ್ ಪಕ್ಕದ ಸೀಟಿನಲ್ಲಿ ಕೂತಿದ್ದೆ. ವೈಪರ್ ಎಷ್ಟು ಓಡಿದರೂ ಗಾಜು ಕಾಣುತ್ತಿರಲಿಲ್ಲ. ಸೆಕೆಂಡ್ ಗೇರಿನಲ್ಲಿ ಒಂದು ತಿರುವು ತಿರುಗಿಸಿದರೆ ಎದುರಿಗೆ ರಸ್ತೆ ಇಲ್ಲ. ಕೆಂಪು ಮಣ್ಣು, ಬೇರುಸಮೇತ ಎರಡು ಮರ. ಕಂಡಕ್ಟರ್ ಸೀಟಿ ಊದುತ್ತ ಹಿಂದೆ ನಿಂತ, ನಾನು ರಿವರ್ಸ್ ತಂದು ಅಗಲವಾದ ಜಾಗದಲ್ಲಿ ಗಾಡಿ ನಿಲ್ಲಿಸಿದೆ. ಚಕ್ರಕ್ಕೆ ಕಲ್ಲು ಕೊಟ್ಟು, ಟಾರ್ಚ್ ಹಿಡಿದು ಮಣ್ಣಿನವರೆಗೆ ಹೋಗಿ ನೋಡಿ ವಾಪಸ್ ಬಂದೆ. ನಿನ್ನ ಸೀಟು ಖಾಲಿ.

ಇದನ್ನು ನಿಮ್ಮವ್ವನಿಗೂ ಹೇಳಿಲ್ಲ. ನಾನು ಬಸ್ಸಿನೊಳಗೆ ಹುಡುಕಲಿಲ್ಲ, ಅದು ನನಗೆ ಹೊಳೆಯಲೇ ಇಲ್ಲ. ನೀನು ನನ್ನ ಹಿಂದೆಯೇ ಇಳಿದಿದ್ದೀಯ ಅಂದುಕೊಂಡೆ. ರಸ್ತೆಯ ಅಂಚಿಗೆ ಹೋಗಿ ಕೆಳಗೆ ಟಾರ್ಚ್ ಬಿಟ್ಟೆ. ಬೆಳಕು ಹತ್ತು ಮಾರು ಹೋಗಿ ಮಂಜಿನಲ್ಲಿ ನಿಂತುಹೋಯಿತು. ನಿನ್ನ ಹೆಸರು ಹಿಡಿದು ಕೂಗಿದೆ. ಮಳೆಯ ಸದ್ದಿಗೆ ನನ್ನ ದನಿ ನನಗೇ ಕೇಳಿಸಲಿಲ್ಲ. ಕಾಲುಗಂಟೆ ಇರಬಹುದು. ಕೆಳಗೆ ಒಂದು ಪೊದೆಯಲ್ಲಿ ಬೆಳ್ಳಗೆ ಏನೋ ಸಿಕ್ಕಿಕೊಂಡಂತೆ ಕಂಡಿತು. ನಿನ್ನ ಫ್ರಾಕು ಅಂತ ಬಗ್ಗಿ ನೋಡಿದರೆ ಪ್ಲಾಸ್ಟಿಕ್ ಚೀಲ. ಆ ಚೀಲ ಈಗಲೂ ನನ್ನ ಕಣ್ಣ ಮುಂದೆ ಇದೆ. ಅದಾದ ಮೇಲೆ ಎಷ್ಟು ಸಲ ಆ ತಿರುವು ಇಳಿದಿದ್ದೇನೋ, ಪ್ರತಿ ಸಲವೂ ಎಡಕ್ಕೆ ನೋಡಿದ್ದೇನೆ.

ಕಂಡಕ್ಟರ್ ಓಡಿ ಬಂದು, "ಮಗು ಹಿಂದಿನ ಸೀಟಿನಲ್ಲಿ ಮಲಗಿದೆ" ಅಂದ. ಕುಂಬಾರವಾಡಾದಲ್ಲಿ ಹತ್ತಿದ್ದ ಕುಣಬಿ ಹೆಂಗಸೊಬ್ಬಳು ನೀನು ನಡುಗುವುದನ್ನು ಕಂಡು ಕರೆದುಕೊಂಡು ಹೋಗಿ ತನ್ನ ಕಂಬಳಿ ಹೊದಿಸಿದ್ದಳು. ನಾನು ಹೋದೆ, ನಿನ್ನನ್ನು ಎಬ್ಬಿಸಿದೆ, ಕೆನ್ನೆಗೆ ಹೊಡೆದೆ. ನಿದ್ದೆಗಣ್ಣಿನಲ್ಲಿದ್ದ ಕೂಸಿಗೆ. ನೀನು ಅಳಲೂ ಇಲ್ಲ, ಸುಮ್ಮನೆ ನೋಡಿದೆ. ಆ ಹೆಂಗಸು ನಿನ್ನನ್ನು ಮತ್ತೆ ಕಂಬಳಿಯೊಳಗೆ ಎಳೆದುಕೊಂಡು, "ಹೆದರಿದ್ದು ನೀವು, ಹೊಡೆತ ಮಗೂಗೆ?" ಅಂದಳು.

ನಿನಗೆ ಆ ಏಟು ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ಹಕ್ಕಿಯ ಕಥೆ ಹೇಳುವಾಗ ಒಮ್ಮೆಯೂ ಅದನ್ನು ಹೇಳಿಲ್ಲ. ಮೊನ್ನೆ ಬೀಚಿನಲ್ಲಿ ಅದೇ ಮುಖ ಮಾಡಿ ನನ್ನ ಕಡೆ ನೋಡಿದೆ. ಮತ್ತೆ ಅದೇ ಕೆಲಸ ಮಾಡಿದೆನಲ್ಲ ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ನಿನ್ನ ಮುಖ ನೋಡುವ ಧೈರ್ಯ ಆಗಲಿಲ್ಲ. ಎದ್ದು ಬಂದೆ. ಎರಡಕ್ಕೂ ಸೇರಿಸಿ ಕೇಳುತ್ತಿದ್ದೇನೆ, ಅಪ್ಪನನ್ನು ಕ್ಷಮಿಸು.

ಅಣಶಿ ನೀನೇ ಕೇಳಿ ಹಾಕಿಸಿಕೊಂಡದ್ದು ಅಂತ ಗೊತ್ತಾದಾಗ ಸಿಟ್ಟು ಬಂದದ್ದು ನಿಜ. ಮಂದಿ ಪೇಟೆಗೆ ವರ್ಗ ಮಾಡಿಸಿಕೊಳ್ಳಲು ಓಡಾಡುತ್ತಾರೆ, ನೀನು ಕಾರವಾರದ ಕುರ್ಚಿ ಬಿಟ್ಟು ಕಾಡಿನ ಗಸ್ತು ಕೇಳಿದ್ದೀಯ. 1987ರಿಂದ ಅದು ರಾಷ್ಟ್ರೀಯ ಉದ್ಯಾನ, 2007ರಿಂದ ದಾಂಡೇಲಿ ಜೊತೆ ಸೇರಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಕಾಳಿ ಅಂತ ಹೆಸರು ಬಂತು. ಇದೆಲ್ಲ ನೀನು ಹೇಳಿ ಗೊತ್ತಾದದ್ದು. ನಮ್ಮಂಥ ಡ್ರೈವರುಗಳಿಗೆ ಅದು ಬೇಗ ದಾಟಬೇಕಾದ ಕಾಡು, ಅಷ್ಟೇ. ಒಂದು ಬೆಳಗಿನ ಜಾವ ಹೆಡ್‌ಲೈಟಿಗೆ ಕರಿ ಚಿರತೆ ಅಡ್ಡ ಬಂದಿತ್ತು. ಮೂರು ಸೆಕೆಂಡು. ಮೈಮೇಲೆ ನೀರು ಹೊಳೆಯುತ್ತಿತ್ತು. ಅವತ್ತು ಬ್ರೇಕ್ ಒತ್ತಿ ನಿಂತವನು ಎಷ್ಟು ಹೊತ್ತಾದರೂ ಗೇರ್ ಹಾಕಲಿಲ್ಲ. ಆ ಪ್ರಾಣಿಯನ್ನು ಕಾಯುವ ಕೆಲಸ ನನ್ನ ಮಗಳದು ಅಂತ ನಮ್ಮ ಓಣಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ನಿನಗೆ ಮಾತ್ರ ಹೇಳಿರಲಿಲ್ಲ.

ಈಗ ಕೆಲವು ಮಾತು. ಬುದ್ಧಿ ಹೇಳಬಾರದು ಅಂತ ಕೂತವನು, ಆದರೂ ಕೇಳು. ಮಳೆಗಾಲದಲ್ಲಿ ಕತ್ತಲಾದ ಮೇಲೆ ಘಟ್ಟದಲ್ಲಿ ಬೈಕ್ ಹೊಡೆಯಬೇಡ, ಎಷ್ಟೇ ಅವಸರ ಇರಲಿ. ಗುಡ್ಡದ ಬದಿಯಿಂದ ಬರುವ ನೀರು ನೋಡುತ್ತಿರು. ತಿಳಿಯಾಗಿ ಬರುತ್ತಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಗಾದರೆ ಒಂದು ಹೆಜ್ಜೆ ಮುಂದಿಡಬೇಡ, ಬಂದ ದಾರಿಗೆ ತಿರುಗು. ಮರ ವಾಲಿದ್ದರೆ, ರಸ್ತೆಯಲ್ಲಿ ಬಿರುಕು ಕಂಡರೆ ಹಾಗೆಯೇ. ಗುಡ್ಡ ಕಡಿದ ಜಾಗದ ಕೆಳಗೆ ಮಳೆಗೆ ಅಂತ ನಿಲ್ಲಬೇಡ. ಕದ್ರಾ ಡ್ಯಾಮಿನ ಗೇಟು ತೆಗೆಯುವ ದಿನಗಳಲ್ಲಿ ಕೆಳಗಿನ ಹೊಳೆಗೆ ಇಳಿಯಬೇಡ. ಉಂಬಳ ಹತ್ತಿದರೆ ಕಿತ್ತು ಎಳೆಯಬೇಡ, ಸುಣ್ಣ ಹಚ್ಚು, ತಾನೇ ಬಿಡುತ್ತದೆ. ಕಾಳಿಂಗದ ವಿಷಯ ನಿನಗೆ ನನಗಿಂತ ಜಾಸ್ತಿ ಗೊತ್ತು. ಗಸ್ತಿಗೆ ಒಬ್ಬಳೇ ಹೋಗಬೇಡ. ಒಬ್ಬಳೇ ಅಂದರೆ ಒಬ್ಬಳೇ, "ಇಲ್ಲೇ ಹತ್ತಿರ ಅಪ್ಪಾ" ಅನ್ನಬೇಡ. ಕೆಲಸ ಇವತ್ತು ಆಗದಿದ್ದರೆ ನಾಳೆ ಆಗುತ್ತದೆ. ಕೇಸು, ಸಾಹೇಬರು, ರಿಪೋರ್ಟು ಎಲ್ಲ ಕಾಯುತ್ತವೆ.

ಜಾಸ್ತಿ ಆಯಿತೇನೋ. ನಿಮ್ಮವ್ವ ಇಣುಕಿ ನೋಡಿ, "ಎಷ್ಟು ಹಾಳೆ?" ಅಂದಳು. ಮಾತು ಶುರುವಾಯಿತು ನೋಡು.

ಮುಂದಿನ ಉಳವಿ ಜಾತ್ರೆಗೆ ನಾವಿಬ್ಬರೂ ಬರುತ್ತೇವೆ. ಚನ್ನಬಸವಣ್ಣನ ಗುಡಿಯಲ್ಲಿ ಕಾಯಿ ಒಡೆಸಿ, ಹಾಗೆಯೇ ನಿನ್ನ ಕ್ಯಾಂಪಿಗೆ ಬಂದು ಹೋಗುತ್ತೇವೆ. ಬಿಟ್ಟರೆ ಒಂದು ರಾತ್ರಿ ಇರುತ್ತೇವೆ. ಆ ತಿರುವಿನ ಹತ್ತಿರ ಹಗಲು ಹೊತ್ತಿನಲ್ಲಿ ನಿನ್ನ ಜೊತೆ ಇಳಿದು ಒಮ್ಮೆ ಕೆಳಗೆ ನೋಡಬೇಕು ಅಂತ ನನಗೆ ಆಸೆ.

ಶನಿವಾರದ ಕಾರವಾರ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಗಂಟು ಕೊಟ್ಟಿದ್ದೇನೆ. ನನ್ನ ಹಳೆಯ ಡಿಪೋದ ಹುಡುಗ, ಅಣಶಿ ಚೆಕ್‌ಪೋಸ್ಟ್ ಹತ್ತಿರ ಹಾರ್ನ್ ಹೊಡೆಯುತ್ತಾನೆ. ಖಡಕ್ ರೊಟ್ಟಿ ಇವೆ, ಶೇಂಗಾ ಹಿಂಡಿ, ಗುರೆಳ್ಳು ಪುಡಿ. ತಳದಲ್ಲಿ ಕಂಬಳಿ. ಅದರೊಳಗೆ ನನ್ನ ಟಾರ್ಚ್ ಸುತ್ತಿಟ್ಟಿದ್ದೇನೆ, ಹೊಸ ಸೆಲ್ ಹಾಕಿದೆ. ಸ್ವಿಚ್ ಸ್ವಲ್ಪ ಬಿಗಿ, ಹೆಬ್ಬೆರಳಿನಿಂದ ಜೋರಾಗಿ ಒತ್ತು.

ನಿನ್ನ ಅಪ್ಪ