ಕೈಯಾರೆ ಕೊಟ್ಟದ್ದು

ಪ್ರಿಯ ಓದುಗರೇ,

ಪುರಂದರದಾಸರ ಆರಾಧನೆಗೆ ಮಕ್ಕಳ ತಾಲೀಮು ಶುರುವಾಗಿದೆ. ಹೋದ ವಾರ, ಪರದೇಶದ ಈ ನಮ್ಮ ಸಂಘದ ಕನ್ನಡ ಶಾಲೆಯಲ್ಲಿ, ಅವರ ಮೂಗುತಿಯ ಕಥೆ ಹೇಳಿದೆವು. ಮುಂದೆ ಪುರಂದರದಾಸನಾದ, ಆಗ ನವಕೋಟಿ ನಾರಾಯಣ ಅನ್ನಿಸಿಕೊಂಡಿದ್ದ ಶ್ರೀನಿವಾಸ ನಾಯಕ, ಮಗನ ಮುಂಜಿಗೆ ದುಡ್ಡು ಬೇಕೆಂದು ಅಂಗಡಿಗೆ ಅಲೆಯುವ ಬಡ ಬ್ರಾಹ್ಮಣ, ಮನಸ್ಸು ತಡೆಯದೆ ಮೂಗುತಿ ಬಿಚ್ಚಿ ಕೊಡುವ ಹೆಂಡತಿ ಸರಸ್ವತಿ. ನಿಮಗೆಲ್ಲ ಗೊತ್ತಿರುವುದೇ. ಕಡೆಗೆ ನಾಯಕ ಇದ್ದದ್ದನ್ನೆಲ್ಲ ದಾನ ಮಾಡಿ ಹೊರಟ ಎಂದಾಗ ದೊಡ್ಡ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಆಂಟಿ, ವಿಲ್ ಬರೆದಿಡಬಹುದಿತ್ತಲ್ವಾ? ಸತ್ತ ಮೇಲೆ ಹೇಗೂ ಬೇರೆಯವರಿಗೇ ಹೋಗುತ್ತೆ."

ಯಾರೂ ನಗಲಿಲ್ಲ. ನಮ್ಮ ಸಂಘದ ಹಿರಿಯರೊಬ್ಬರನ್ನು ಕಳೆದ ತಿಂಗಳಷ್ಟೇ ಕಳಿಸಿಕೊಟ್ಟಿದ್ದೇವೆ. ಹೆಸರು ಹಾಕುವುದು ಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ. ನಿಮಗೆ ಗೊತ್ತು. ಅವರ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಮೇಜಿನ ಖಾನೆಯಲ್ಲಿದ್ದ ಕಾಗದಗಳನ್ನು ಓದಿ ಹೇಳಲು ನಮ್ಮಲ್ಲಿ ಕೆಲವರು ಹೋಗಿದ್ದೆವು. ಕಂದಾಯದ ರಸೀದಿಗಳು, ಹಳೇ ಪಾಸ್‌ಬುಕ್ಕುಗಳು, ಮೈಸೂರಿನ ಸೈಟಿನ ಪತ್ರ. ಅದರ ಜೊತೆಗೇ ಮಡಿಸಿಟ್ಟ ಮನೆಯ ನಕ್ಷೆ. ರಿಟೈರ್ ಆದ ಮೇಲೆ ಊರಿಗೆ ಹೋಗಿ ಕಟ್ಟಿಸುವ ಮನೆ. ದೇವರ ಕೋಣೆ, ಹಿತ್ತಲು, ತುಳಸಿಕಟ್ಟೆ ಎಲ್ಲ ಇದೆ. ಜಗಲಿಯ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ "ಬೆಳಗಿನ ಬಿಸಿಲು" ಎಂದು ಬರೆದಿದ್ದರು. ಆ ಸೈಟಿನಲ್ಲಿ ಈಗ ಪಾರ್ಥೇನಿಯಂ ಬೆಳೆದಿದೆಯಂತೆ. ಅದನ್ನು ಓದಿ ಹೇಳುವಾಗ ನನಗೆ ಗಂಟಲು ಕಟ್ಟಿತು.

ನನಗೆ ತಿಪಟೂರಿನ ನಮ್ಮ ಬೀದಿ ನೆನಪಾಯಿತು. ಅಲ್ಲಿ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರಿದ್ದರು. ಒಡವೆ ಅಡ ಇಟ್ಟುಕೊಂಡು ಸಾಲ ಕೊಡುತ್ತಿದ್ದರು. ನಮ್ಮಜ್ಜಿಯ ಬುಗುಡಿಯೂ ಅಲ್ಲಿಗೇ ಹೋಗಿತ್ತು, ಚಿಕ್ಕಪ್ಪನ ಕಾಲೇಜು ಫೀಸಿಗೆ. ಸಾಹುಕಾರರು ಕೆಟ್ಟವರಲ್ಲ. ಆದರೆ ಲೆಕ್ಕ ಅಂದರೆ ಲೆಕ್ಕ. ಬಡ್ಡಿ ಒಂದು ದಿನ ತಡವಾದರೂ ಆಳು ಬಾಗಿಲಿಗೆ ಬರುತ್ತಿದ್ದ.

ಅವರು ತೀರಿಕೊಂಡ ದಿನ ನಾನು ಅಜ್ಜಿಯ ಸೆರಗು ಹಿಡಿದು ಹೋಗಿದ್ದೆ. ನಡುಮನೆಯಲ್ಲಿ ಮಲಗಿಸಿದ್ದರು. ಸ್ನಾನ ಮಾಡಿಸುವ ಮುಂಚೆ ಮೈಮೇಲಿನದ್ದೆಲ್ಲ ತೆಗೆಯಬೇಕಲ್ಲ. ಕೊರಳಿನ ಸರ ಬಂತು, ಕಡಗ ಬಂತು. ಬಲಗೈಯ ಪಚ್ಚೆ ಕಲ್ಲಿನ ಉಂಗುರ ಬರಲಿಲ್ಲ. ಬೆರಳು ಊದಿತ್ತು. ಎಣ್ಣೆ ಹಚ್ಚಿದರು, ಸೋಪು ಹಚ್ಚಿದರು, ದಾರ ಸುತ್ತಿ ಎಳೆದರು. ಕೊನೆಗೆ ಅಕ್ಕಸಾಲಿಯನ್ನು ಕರೆಸಿದರು. ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸಣ್ಣ ಅರದಿಂದ ಉಜ್ಜತೊಡಗಿದರು. ಅಳುತ್ತಿದ್ದವರೂ ಸುಮ್ಮನಾದರು. ಅಷ್ಟು ಜನರಿದ್ದ ಮನೆಯಲ್ಲಿ ಅರದ ಸದ್ದೊಂದೇ ಕೇಳಿಸುತ್ತಿತ್ತು. ಉಂಗುರ ಎರಡಾಗಿ ಬಿಚ್ಚಿಕೊಂಡಿತು. ಬೆರಳ ಮೇಲೆ ಚಿನ್ನದ ಪುಡಿ ಉಳಿದಿತ್ತು. ಅದನ್ನೂ ಒಂದು ಕಾಗದದ ಮೇಲೆ ಒರೆಸಿಕೊಂಡರು. ಆಮೇಲೆ ಉಡಿದಾರವನ್ನೂ ಕತ್ತರಿಸಿದರು.

ಹದಿಮೂರನೇ ದಿನ ಕಳೆದ ಮೇಲೆ ಅವರ ಹೆಂಡತಿ, ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದವರು, ತಿಜೋರಿ ತೆಗೆಸಿದರು. ಅಡವಿಟ್ಟ ಒಂದೊಂದು ಒಡವೆಯೂ ಬಿಳಿ ಬಟ್ಟೆಯ ಗಂಟಿನಲ್ಲಿತ್ತು. ಗಂಟಿಗೊಂದು ಚೀಟಿ. ಬೀದಿಯ ಹೆಂಗಸರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಅವರವರ ಗಂಟು ಅವರವರ ಕೈಗೆ ಕೊಟ್ಟರು. ಗಂಡುಮಕ್ಕಳು ಬೇಡ ಎಂದು ಜಗಳ ಆಡಿದರಂತೆ. "ನಾನಿರುವಾಗಲೇ ಕೊಟ್ಬಿಡ್ತೀನಿ ಕಣ್ರಪ್ಪ, ನಂದು ಅಂತ ಇರೋದು ಇಷ್ಟೇ" ಎಂದರಂತೆ. ಅಜ್ಜಿ ಬುಗುಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದು ಅಡುಗೆಮನೆಯಲ್ಲಿ ತುಂಬಾ ಹೊತ್ತು ಕೂತಿದ್ದರು. ಮತ್ತೆ ಅದನ್ನು ಹಾಕಿಕೊಳ್ಳಲೇ ಇಲ್ಲ. ಸೋದರತ್ತೆಯ ಮದುವೆಗೆ ಕೊಟ್ಟುಬಿಟ್ಟರು. ದೊಡ್ಡಮ್ಮನ ಹೆಸರು ಹೇಳಿದರೆ ಆ ಬೀದಿಯಲ್ಲಿ ಈಗಲೂ ಜನ ಕೈಮುಗಿಯುತ್ತಾರೆ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: ವಿಲ್ ಓದುವ ಹೊತ್ತಿಗೆ ಬರೆದವರು ಇರುವುದಿಲ್ಲ, ಪುಟ್ಟಿ. ತಗೊಂಡವರ ಮುಖ ಅವರಿಗೆ ಕಾಣಿಸುವುದಿಲ್ಲ. ನಾಯಕ ಬದುಕಿರುವಾಗಲೇ ಕೊಟ್ಟ, ಅದಕ್ಕೇ ಪುರಂದರದಾಸನಾಗಿ ಬದುಕಲು ಅವನಿಗೆ ಸಮಯ ಸಿಕ್ಕಿತು.

ದಾಸರ ಹುಟ್ಟೂರು ಪುಣೆ ಹತ್ತಿರದ ಪುರಂದರಗಡವೋ ತೀರ್ಥಹಳ್ಳಿ ಕಡೆಯ ಆರಗವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹಂಪಿಯಲ್ಲಿ ವ್ಯಾಸರಾಯರಿಂದ ದೀಕ್ಷೆ ಪಡೆದರು ಎನ್ನುವುದರಲ್ಲಿ ತಕರಾರಿಲ್ಲ. ಎಂಥ ಹಂಪಿ ಅದು! 1520ರ ಸುಮಾರಿಗೆ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬಜಾರಿನಲ್ಲಿ ವಜ್ರ, ಮಾಣಿಕ್ಯ, ಮುತ್ತು ಮಾರುವುದನ್ನು ಬರೆದಿಟ್ಟಿದ್ದಾನೆ. ಆ ಬೀದಿಗಳಲ್ಲಿ ದಾಸರು ತಂಬೂರಿ ಹಿಡಿದು ಭಿಕ್ಷೆಗೆ ನಡೆದರು. 1564ರಲ್ಲಿ, ಪುಷ್ಯ ಬಹುಳ ಅಮಾವಾಸ್ಯೆಯಂದು ತೀರಿಕೊಂಡರು ಎನ್ನುತ್ತಾರೆ. ಮರುವರ್ಷ, 1565ರ ಜನವರಿಯಲ್ಲಿ, ತಾಳಿಕೋಟೆ ಯುದ್ಧ. ವಿಜಯನಗರವನ್ನು ಆಳುತ್ತಿದ್ದ ರಾಮರಾಯ ಸತ್ತ. ರಾಜಧಾನಿಯನ್ನು ತಿಂಗಳುಗಟ್ಟಲೆ ಲೂಟಿ ಮಾಡಿದರು. ವಿಠಲ ದೇವಸ್ಥಾನದ ಮುಂದಿನ ಬಜಾರಿನಲ್ಲಿ ಈಗ ಉಳಿದಿರುವುದು ಕಲ್ಲುಕಂಬಗಳು. ಹೊಳೆದಂಡೆಯ ಪುರಂದರ ಮಂಟಪ ಮಾತ್ರ ಅಣೆಕಟ್ಟಿನಿಂದ ನೀರು ಜಾಸ್ತಿ ಬಿಟ್ಟಾಗೆಲ್ಲ ಮುಳುಗುತ್ತದೆ, ಮತ್ತೆ ಮೇಲೇಳುತ್ತದೆ. ಇವತ್ತು ಈ ದೂರದ ಊರಿನ ಒಂದು ಸ್ಕೂಲ್ ಹಾಲಿನಲ್ಲಿ ನಮ್ಮ ಮಕ್ಕಳು ಮಾಯಾಮಾಳವಗೌಳ ರಾಗದ ಸರಳೆ ವರಸೆ ಹಾಡುತ್ತಿದ್ದಾರಲ್ಲ, ಆ ಪಾಠಕ್ರಮ ಹಾಕಿಕೊಟ್ಟವರು ದಾಸರೇ ಎಂಬುದು ಸಂಗೀತಗಾರರ ನಂಬಿಕೆ.

ನಮ್ಮ ಹಿರಿಯರ ಅಂತ್ಯಕ್ರಿಯೆಗೆ ಹಿಮ ಬೀಳುತ್ತಿದ್ದರೂ ಅಷ್ಟು ಜನ ಯಾಕೆ ಬಂದರು? ಮೈಸೂರಿನ ಸೈಟು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವರೆಲ್ಲ ಹೊಸದಾಗಿ ಬಂದಿಳಿದಾಗ ಆ ಹಿರಿಯರೇ ಏರ್‌ಪೋರ್ಟಿನಿಂದ ಕರೆತಂದು, ಮನೆ ಸಿಗುವ ತನಕ ಅನ್ನ ಹಾಕಿದ್ದರು. ಅದು ಗೊತ್ತಿತ್ತು.

ಕೂಡಿಡಬೇಡಿ ಎಂದು ನಾನು ಹೇಳುತ್ತಿಲ್ಲ. ನಾವು ಇಷ್ಟು ದೂರ ಬಂದದ್ದೇ ನಾಲ್ಕು ಕಾಸು ಸಂಪಾದಿಸಲು. ಆದರೆ ಈ ತಿಂಗಳು ಒಂದು ಸಂಜೆ ಕೂತು, ಊರಿನಲ್ಲಿ ನಿಮ್ಮದು ಏನೇನಿದೆ ಎಂದು ಮನೆಯವರಿಗೆ ಹೇಳಿ. ಮಕ್ಕಳಿಗೆ ಓದಲು ಬರುವ ಭಾಷೆಯಲ್ಲಿ ಬರೆದಿಡಿ. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾರಸುದಾರರು ಆಮೇಲೂ ಕೇಳಿ ಪಡೆಯಬಹುದು, ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಬಹುದು. ಆದರೆ ಖಾತೆ ಇದೆ ಎಂದೇ ಗೊತ್ತಿಲ್ಲದವರು ಏನೆಂದು ಹುಡುಕುತ್ತಾರೆ? ನಾಮಿನಿ ಹೆಸರು ಹಾಕಿದರೆ ಮುಗಿಯಿತು ಎಂದೂ ಅಂದುಕೊಳ್ಳಬೇಡಿ. ನಾಮಿನಿ ದುಡ್ಡು ಪಡೆಯುವುದು ವಾರಸುದಾರರ ಪರವಾಗಿ. ಕೊಡಬೇಕು ಅನ್ನಿಸಿದ್ದರಲ್ಲಿ ಒಂದಿಷ್ಟನ್ನು ಈಗಲೇ ಕೊಡಿ. ಊರಿನ ಶಾಲೆಗೋ, ಅಡುಗೆ ಮಾಡಿ ನಿಮ್ಮನ್ನು ಸಾಕಿದ ಅತ್ತೆಗೋ, ಯಾರಿಗಾದರೂ.

ಇನ್ನು ಸೂಚನೆಗಳು, ಜಾಗ ಕಡಿಮೆ ಇದೆ. ಆರಾಧನೆ ಫೆಬ್ರವರಿ ಎರಡನೇ ಶನಿವಾರ, ಬೆಳಿಗ್ಗೆ 10ಕ್ಕೆ, ಅದೇ ಸ್ಕೂಲ್ ಹಾಲ್. ಗೋಷ್ಠಿಗಾಯನಕ್ಕೆ ಯಾರು ಬೇಕಾದರೂ ಸೇರಬಹುದು. ಸದಸ್ಯತ್ವದ ನವೀಕರಣ ತಿಂಗಳ ಕೊನೆಯೊಳಗೆ. ಯುಗಾದಿ ನಾಟಕಕ್ಕೆ ಇಬ್ಬರು ಗಂಡಸರು ಬೇಕು.

ಸಾವಿನ ಮನೆಗೆ ಒದಗಲು ಒಂದು ತಂಡ ಮಾಡುತ್ತಿದ್ದೇವೆ. ಕಾನ್ಸುಲೇಟಿಗೆ ಫೋನು ಮಾಡಲು, ಪುರೋಹಿತರನ್ನು ಹುಡುಕಲು, ಮೂರು ದಿನ ಊಟ ಕಳಿಸಲು, ಕನ್ನಡದ ಕಾಗದ ಓದಿ ಹೇಳಲು ಜನ ಬೇಕು. ಈಗ ಇದೆಲ್ಲ ಮೂರ್ನಾಲ್ಕು ಮನೆಯವರ ಮೇಲೇ ಬೀಳುತ್ತಿದೆ, ಅವರಿಗೆ ಕೆಲಸಕ್ಕೆ ರಜೆ ಹಾಕಲೂ ಆಗುತ್ತಿಲ್ಲ. ಈ ಸುದ್ದಿಪತ್ರಕ್ಕೂ ಟೈಪು ಮಾಡುವವರೊಬ್ಬರು ದಯವಿಟ್ಟು ಬನ್ನಿ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು, ಮಕ್ಕಳ ಪುಟ ಇನ್ನೂ ಖಾಲಿ ಇದೆ.

ಆರಾಧನೆಯ ಊಟಕ್ಕೆ ಪುಳಿಯೋಗರೆ, ಕೋಸಂಬರಿ, ಹೆಸರುಬೇಳೆ ಪಾಯಸ. ಅನ್ನ ಬಸಿಯಲು ಎರಡು ದೊಡ್ಡ ಪಾತ್ರೆ ಬೇಕಾಗಿವೆ, ಯಾರ ಮನೆಯಲ್ಲಾದರೂ ಇದ್ದರೆ ಶುಕ್ರವಾರ ಸಂಜೆಯೊಳಗೆ ತಂದುಕೊಡಿ.