ಹೂದಳಕ್ಕೆ ದಪ್ಪ ಕಾಗದ ಬೇಡ

ಮಾನ್ಯ ಸಂಪಾದಕರೇ,

ಹೂವಿನ ಶುಭಾಶಯ ಪತ್ರವನ್ನು ಮನೆಯಲ್ಲೇ ತಯಾರಿಸುವ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಸೊಗಸಾಗಿತ್ತಾದರೂ, ತಳಕ್ಕೂ ದಳಕ್ಕೂ ಒಂದೇ 300 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದ ಸಾಕೆಂಬ ಸಲಹೆಯನ್ನು ನಾನು ಒಪ್ಪಲಾರೆ. ಅಷ್ಟು ದಪ್ಪನೆಯ ಹಾಳೆ ಮಡಿಸಿ ನಿಲ್ಲಿಸುವ ತಳಕ್ಕೆ ಸರಿ; ದಳವಾದರೋ ಬಾಗುವ ಬದಲು ಗೆರೆ ಬಿದ್ದು ಮುರಿಯುತ್ತದೆ. ಡೈ ಎಂದು ಕರೆಯುವ ಉಕ್ಕಿನ ಅಚ್ಚನ್ನು 120ರಿಂದ 160 ಜಿಎಸ್‌ಎಂ ಹಾಳೆಯ ಮೇಲಿಟ್ಟು ಕಾಗದ ಕತ್ತರಿಸುವ ಯಂತ್ರದ ಉರುಳೆಗಳ ನಡುವೆ ಹಾಯಿಸಿ, ದೊರೆತ ದಳಗಳನ್ನು ಮೆತ್ತನೆಯ ಫೋಮ್ ಹಾಳೆಯ ಮೇಲಿಟ್ಟು ದುಂಡುತುದಿಯ ಕಡ್ಡಿಯಿಂದ ಒತ್ತಿದರೆ ಅವು ಬಟ್ಟಲಿನಂತೆ ಬಾಗುತ್ತವೆ. ಬಳಿಕ ದೊಡ್ಡ ದಳಗಳ ಸುತ್ತಿನ ಮೇಲೆ ಚಿಕ್ಕ ದಳಗಳ ಸುತ್ತನ್ನು, ನಡುವಿನ ಸಂದು ತುಂಬುವಂತೆ ತುಸು ತಿರುಗಿಸಿ ಅಂಟಿಸಬೇಕು. ನಮ್ಮ ಮುಂಬಯಿಯ ಮಳೆಗಾಲದಲ್ಲಿ ಕಾಗದ ತೇವ ಹೀರಿ, ಕತ್ತರಿಸಿದ ಅಂಚು ನಾರುನಾರಾಗುವುದರಿಂದ ಹಾಳೆಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡುವುದು ಒಳ್ಳೆಯದು. (ಈ ಪಾಠಕ್ಕೆ ನಾನು ತೆತ್ತ ಬೆಲೆ ಇಡೀ ಒಂದು ಕಟ್ಟು ಗುಲಾಬಿ ಬಣ್ಣದ ಹಾಳೆ.) ಬಗೆಬಗೆಯ ಕಾಗದಕ್ಕೆ ಕ್ರಾಫರ್ಡ್ ಮಾರ್ಕೆಟ್ ಬಳಿಯ ಅಬ್ದುಲ್ ರೆಹಮಾನ್ ಬೀದಿಗೆ ಹೋದರಾಯಿತು. ಇಂಥ ಉಬ್ಬುಹೂವಿನ ಪತ್ರವನ್ನು ಊರಿಗೆ ಅಂಚೆಯಲ್ಲಿ ಕಳುಹಿಸುವವರು ಮೊದಲು ತೂಗಿಸಿ ನೋಡಲಿ. 20 ಗ್ರಾಂ ದಾಟಿದರೆ ಹೆಚ್ಚುವರಿ ಅಂಚೆಚೀಟಿ ಹಚ್ಚಬೇಕಾಗುತ್ತದೆ.

– ಓರ್ವ ಓದುಗಿ, ಡೊಂಬಿವಲಿ