ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೇರಲಿರುವ ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯದಲ್ಲಾಗಲಿ, ನಗರದ ಬೇರೆ ಕಾಲೇಜುಗಳಲ್ಲಾಗಲಿ 2 ವರ್ಷಗಳ ಎಂ.ಎಸ್.ಡಬ್ಲ್ಯೂ.ಗೆ ಅರ್ಜಿ ಹಾಕಲಿರುವವರು ಶುಲ್ಕಕ್ಕಿಂತ ಮೊದಲು ಕ್ಷೇತ್ರಕಾರ್ಯದ ವ್ಯವಸ್ಥೆಯನ್ನು ವಿಚಾರಿಸಿಕೊಳ್ಳಬೇಕೆಂದು ಕೋರುತ್ತೇನೆ. ಸಾಮಾನ್ಯವಾಗಿ ವಾರಕ್ಕೆ 2 ದಿನ ಆಸ್ಪತ್ರೆ, ಕೊಳೆಗೇರಿ ಅಥವಾ ಸ್ವಯಂಸೇವಾ ಸಂಸ್ಥೆಗೆ ಹೋಗಿ, ಮನೆಭೇಟಿಯಲ್ಲಿ ಕಂಡದ್ದನ್ನೂ, ಮಾತ್ರೆ ನಿಲ್ಲಿಸಿದ ರೋಗಿಯ ತಾಯಿ ಹೇಳಿದ್ದನ್ನೂ, ಕೇಳದೆ ಬಿಟ್ಟ ಪ್ರಶ್ನೆಯನ್ನೂ ವರದಿಯಲ್ಲಿ ದಾಖಲಿಸಿ ಮೇಲ್ವಿಚಾರಕ ಅಧ್ಯಾಪಕರೊಂದಿಗೆ ಚರ್ಚಿಸಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ವೃತ್ತಿ ಕೈಗೆ ಹತ್ತುವುದು ಅಲ್ಲಿಯೇ (ಬರೀ ಹಾಜರಾತಿ ಸಹಿಗಾಗಿ ಹೋಗುವವರ ಮಾತು ಬೇರೆ). ಬಿ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಪದವಿ) ಓದದ ಪದವೀಧರರಿಗೂ ಹಲವೆಡೆ ಅವಕಾಶವಿದೆ. ಮನೋವೈದ್ಯಕೀಯ ಸಮಾಜಕಾರ್ಯದತ್ತ ಒಲವಿರುವವರು ಎಂ.ಎಸ್.ಡಬ್ಲ್ಯೂ. ಮುಗಿಸಿದ ಮೇಲೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಉನ್ನತ ತರಬೇತಿಗೆ ಪ್ರಯತ್ನಿಸಬಹುದು. ಪ್ರವೇಶದ ಕೊನೆಯ ದಿನಾಂಕಗಳನ್ನು ದಯವಿಟ್ಟು ಆಯಾ ಸಂಸ್ಥೆಯ ಅಧಿಸೂಚನೆಯಲ್ಲಿಯೇ ನೋಡಿಕೊಳ್ಳಿ. ಫಾರ್ವರ್ಡ್ ಆಗಿ ಬಂದ ಸಂದೇಶಗಳನ್ನು ನಂಬಬೇಡಿ.